ನೋಡೂದಕ್ಕ ಎಂಥಾ ರೊಕ್ಕ?

ಮನೆ ಕೊಳ್ಳಲು ಹೊರಟವರ ಸುತ್ತ ನಮ್ಮಲ್ಲಿ ಎಷ್ಟೊಂದು ಜನ ನೆರೆಯುತ್ತಾರೆ. ದಲಾಲ ಇದ್ದೇ ಇರುತ್ತಾನೆ. ಕಾಗದಪತ್ರ ನೋಡಲು ವಕೀಲರು. ಸಾಲ ಕೊಡುವ ಬ್ಯಾಂಕಿನಿಂದ ಬೆಲೆ ಕಟ್ಟುವವರೊಬ್ಬರು ಬಂದು, ಬಾಗಿಲೆದುರು ನಿಂತು ಫೋಟೊ ಹೊಡೆದುಕೊಂಡು, ಟೇಪು ಹಿಡಿದು ಅಳೆದು, ಕೊಟ್ಟ ಚಹಾ ಆರುವುದರೊಳಗೆ ಹೊರಟಿರುತ್ತಾರೆ. ದಿಕ್ಕು ನೋಡುವವರಂತೂ ಅಡುಗೆಮನೆ ಆಗ್ನೇಯಕ್ಕಿಲ್ಲವೆಂದು ಮುಖ ಸಣ್ಣ ಮಾಡಿ, ಅದಕ್ಕೊಂದು ಪರಿಹಾರವನ್ನೂ ಹೇಳಿ ಹೋಗುತ್ತಾರೆ. ಇವರೆಲ್ಲರಿಗೂ ಇಂತಿಷ್ಟು ಎಂದು ಕೊಡುವುದುಂಟು. ಆದರೆ ಗೋಡೆ ಗಟ್ಟಿಯಿದೆಯೇ, ಮಾಳಿಗೆ ಸೋರುತ್ತದೆಯೇ, ಬಾಗಿಲ ಚೌಕಟ್ಟಿಗೆ ಒರಲೆ ಹತ್ತಿದೆಯೇ ಎಂದು ನೋಡುವವರು ಈ ಮೆರವಣಿಗೆಯಲ್ಲಿ ಇರುವುದಿಲ್ಲ. ಜೀವಮಾನದ ಗಳಿಕೆಯನ್ನೆಲ್ಲ ಹಾಕುವುದು ಆ ಗೋಡೆ, ಆ ಮಾಳಿಗೆಯ ಮೇಲೆಯೇ ಆದರೂ.

2005ರ ಬೇಸಿಗೆಯಲ್ಲಿ ನಾವು ಧಾರವಾಡದಲ್ಲಿ ಮನೆ ಹುಡುಕುತ್ತಿದ್ದೆವು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ನಮ್ಮವರು ಸರಕಾರಿ ನೌಕರಿಯಲ್ಲಿದ್ದರು, ಸಪ್ತಾಪುರದ ಬಾಡಿಗೆ ಮನೆ ಸಾಕಾಗಿತ್ತು. ಮೊದಲು ಮನಸ್ಸಿಗೆ ಬಂದ ಮನೆ ಊರಿನ ಮೂಡಣ ಅಂಚಿನ ಹೊಸ ಬಡಾವಣೆಯಲ್ಲಿತ್ತು. ಎಂಟು-ಹತ್ತು ವರ್ಷದ ಹಿಂದೆ ಕಟ್ಟಿದ್ದು. ಒಳಹೊರಗೆಲ್ಲ ಹೊಸ ಬಣ್ಣ, ಪಡಸಾಲೆಗೆ ದೊಡ್ಡ ಕಿಟಕಿ, ಹಿತ್ತಲಲ್ಲಿ ನೆರಳು ಚೆಲ್ಲಿದ ಬೇವಿನ ಮರ. ಇಸಾರ ಕೊಡುವ ಮಾತು ನಡೆದಿರುವಾಗ ಊರಿಂದ ಅಪ್ಪನ ಫೋನು ಬಂತು: "ಗೌಂಡಿ ಕಾಕಾನ್ನ ಕಳಸ್ತೇನಿ. ಅವ ಬಂದು ನೋಡೂತನಾ ಒಂದ್ ರೂಪಾಯಿ ಕೊಡಬ್ಯಾಡ್ರಿ."

ಗೌಂಡಿ ಕಾಕಾ ನವಲಗುಂದದ ಕಡೆಯ ನಮ್ಮೂರಿನವರು. ಅಪ್ಪನ ಮನೆ ಕಟ್ಟಿದವರು, ಊರ ಅರ್ಧ ಮನೆಗಳನ್ನು ಕಟ್ಟಿದವರು. ಎರಿ ನೆಲದ ಮೇಲೆ ಗೋಡೆ ನಿಲ್ಲಿಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಬೆಳಗಿನ ಬಸ್ಸಿಗೆ ಬಂದಿಳಿದಾಗ ಹೆಗಲಲ್ಲಿ ಒಂದು ಕೈಚೀಲ. ಅದರೊಳಗೆ ಸಣ್ಣ ಸುತ್ತಿಗೆ, ದಾರಕ್ಕೆ ಕಟ್ಟಿದ ಗುಂಡು, ಒಂದು ಹಳೆಯ ಬ್ಯಾಟರಿ, ಸ್ಕ್ರೂಡ್ರೈವರ್, ಎಲೆ-ಅಡಿಕೆ.

ಮನೆಯೊಡೆಯರು "ಬರ್ರಿ, ಒಳಗ ಬರ್ರಿ" ಎಂದು ಕರೆಯುತ್ತಿದ್ದರೂ ಕಾಕಾ ಒಳಗೆ ಕಾಲಿಡಲಿಲ್ಲ. ಮೊದಲು ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿದರು. ಹಿತ್ತಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದುಕೊಂಡು, ನೀರು ಹನಿಸಿ, ಅಂಗೈಯಲ್ಲಿ ತೀಡಿ ದಾರದಷ್ಟು ತೆಳ್ಳಗೆ ಹೊಸೆದರು. ಮಣ್ಣು ಮುರಿಯಲೇ ಇಲ್ಲ, ಉದ್ದಕ್ಕೆ ಬಂತು. "ಅಪ್ಪಟ ಎರಿ" ಎಂದು ಎದ್ದು ಕೈ ತೊಳೆದುಕೊಂಡರು. ಆಮೇಲೆ ಬೇವಿನ ಮರದಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದರು. ಆ ಮರದ ನೆರಳಿಗೆ ನಾನು ಮನಸೋತಿದ್ದೆ. ಕಾಕಾನ ಗಮನ ಅದರ ಬೇರಿನ ಮೇಲಿತ್ತು. ಬೇಸಿಗೆಯಲ್ಲಿ ಅಷ್ಟು ದೊಡ್ಡ ಮರ ಪಾಯದ ಕೆಳಗಿನ ಪಸೆಯನ್ನೆಲ್ಲ ಹೀರುತ್ತದೆ, ಆ ಮಗ್ಗುಲಿನ ನೆಲ ಹೆಚ್ಚು ಕುಗ್ಗುತ್ತದೆ, ಮನೆ ಅತ್ತ ವಾಲಲು ನೋಡುತ್ತದೆ.

ಒಳಗೆ ಬಂದವರೇ ಕಿಟಕಿಗಳನ್ನು ಮುಚ್ಚಿಸಿ ಕೋಣೆ ಕತ್ತಲೆ ಮಾಡಿಸಿದರು. ಬ್ಯಾಟರಿಯನ್ನು ಗೋಡೆಗೆ ತಾಗಿಸಿ, ಬೆಳಕು ಗೋಡೆಯ ಗುಂಟ ಹರಿಯುವಂತೆ ಹಿಡಿದರು. ಹಗಲಲ್ಲಿ ಕನ್ನಡಿಯಂತಿದ್ದ ಗೋಡೆಯ ಮೇಲೆ ಲಪ್ಪ ಮೆತ್ತಿದ ಜಾಗವೆಲ್ಲ ಉಬ್ಬುಬ್ಬಾಗಿ ಎದ್ದು ಕಂಡಿತು. ಕಿಟಕಿಯ ಮೇಲಿನ ಮೂಲೆಯಿಂದ ಸೂರಿನತ್ತ ಓರೆಯಾಗಿ ಏರಿದ ಒಂದು ಗೆರೆ, ಕೆಳಗಿನ ಮೂಲೆಯಿಂದ ನೆಲದತ್ತ ಇಳಿದ ಇನ್ನೊಂದು.

"ಅಕ್ಕಾರ, ಗಿಲಾವಿನ ಸೀಳು ಜಾಳಿಗಿಹಂಗ ಎತ್ತಬೇಕತ್ತ ಹೋಗಿರತಾವ. ಅವಕ್ಕ ಅಂಜಬ್ಯಾಡ್ರಿ. ಇದು ಕಿಡಕಿ ಮೂಲ್ಯಾಗಿಂದ ಹೊಂಟೈತಿ ನೋಡ್ರಿ, ಇದು ಪಾಯಾದ್ದು."

ಬಣ್ಣದವರು ಎಷ್ಟೇ ಚೊಕ್ಕ ಕೆಲಸ ಮಾಡಿದರೂ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ತೂರುವುದಿಲ್ಲ. ಕಾಕಾ ತೂರಿದರು. ಅಲ್ಲಿ ಒಂದು ಬಿರುಕಿತ್ತು. ಜೇಬಿನಿಂದ ಬೆಳಗಿನ ಬಸ್ ಟಿಕೀಟು ತೆಗೆದು ಅದರೊಳಗೆ ಇಳಿಬಿಟ್ಟರು. ಅರ್ಧಕ್ಕೂ ಹೆಚ್ಚು ಒಳಗೆ ಹೋಯಿತು. ಬಿರುಕಿನ ಒಳಮೈಯಲ್ಲಿ ಹಳೆಯ ಹಸಿರು ಬಣ್ಣ, ಅದರ ಮೇಲೊಂದು ಹಳದಿ. ಅಂದರೆ ಅದನ್ನು ಹಿಂದೆಯೂ ತುಂಬಿಸಿದ್ದರು, ಮತ್ತೆ ಬಾಯಿಬಿಟ್ಟಿತ್ತು. ಬಿರುಕಿನ ವಯಸ್ಸು ತಿಳಿಯುವ ಈ ವಿದ್ಯೆ ನನಗೆ ಆಮೇಲೂ ಬಹಳ ಉಪಯೋಗಕ್ಕೆ ಬಂದಿದೆ. ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿದ್ದರೆ ಹೊಸದು. ಧೂಳು, ಜೇಡರ ಬಲೆ, ಹಳೆಯ ಬಣ್ಣ ಇದ್ದರೆ ಮನೆಯವರಿಗೆ ಗೊತ್ತಿದ್ದದ್ದು.

ಆಮೇಲೆ ಬಾಗಿಲುಗಳ ಸರದಿ. ಒಂದೊಂದನ್ನೂ ತೆರೆದು ಮುಚ್ಚಿ ನೋಡಿದರು. ಮಲಗುವ ಕೋಣೆಯ ಬಾಗಿಲ ನೆತ್ತಿಯನ್ನು ಹತ್ತರಿಯಿಂದ ಕೆತ್ತಿದ ಗುರುತಿತ್ತು. "ಮಳಿಗಾಲದಾಗ ಇದು ಮುಚ್ಚತದೇನ್ರಿ?" ಎಂದು ಕೇಳಿದರು. ಮನೆಯೊಡೆಯರು ಬಾಯಿ ತೆರೆಯುವುದರೊಳಗೆ ಅವರ ಹೆಂಡತಿ ಅಡುಗೆಮನೆಯಿಂದಲೇ, "ಎಲ್ಲೀದು ಕಾಕಾ, ಶ್ರಾವಣದಾಗ ಎರಡೂ ಕೈಲೆ ಎತ್ತಿ ಮುಚ್ಚಬೇಕು" ಎಂದುಬಿಟ್ಟರು. ಒಡೆಯರು ಅವರತ್ತ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಕೊನೆಗೆ ಮಾಳಿಗೆ. ನೀರು ಹೋಗುವ ತೂತು ಮುಚ್ಚಿ, ಎರಡು ಬೆರಳು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗೆ ಪಸೆ ಬರುತ್ತದೆಯೇ ನೋಡಬೇಕೆಂದರು ಕಾಕಾ. ಈಗ ಒಡೆಯರಿಗೆ ನಿಜಕ್ಕೂ ಸಿಟ್ಟು ಬಂತು. "ಕುಡಿಯಾಕ ನೀರಿಲ್ಲ, ಮಾಳಿಗಿ ಮ್ಯಾಲ ನಿಂದರಸ್ರಿ ಅಂತೀರಲ್ಲ!" ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದಿಂದ ನೀರು ಬರುತ್ತಿದ್ದರೂ ಆಗ ಧಾರವಾಡದ ನಳಗಳಲ್ಲಿ ಅದು ಕಾಣಿಸುತ್ತಿದ್ದುದು ವಾರಕ್ಕೊಮ್ಮೆ ಎನ್ನುವ ಹಾಗೆ. ಮೇ ತಿಂಗಳಲ್ಲಿ ಯಾರ ಮನೆಗಾದರೂ ಹೋಗಿ ಅಷ್ಟು ನೀರು ಚೆಲ್ಲಿರೆನ್ನಲು ಮುಖ ಬೇಕು. ಪರೀಕ್ಷೆ ಅಲ್ಲಿಗೇ ನಿಂತಿತು.

ಎರಿ ನೆಲದ ಊರಲ್ಲಿ ಹುಟ್ಟಿ ಬೆಳೆದವಳಾದರೂ ಆ ಮಣ್ಣಿನ ಕಾರುಬಾರು ನನಗೆ ಸರಿಯಾಗಿ ತಿಳಿದದ್ದು ಆ ದಿನ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮೂರ ಹೊಲದ ಬಿರುಕುಗಳಲ್ಲಿ ಮಕ್ಕಳ ಕಾಲು ಸಿಕ್ಕಿಕೊಳ್ಳುವುದು, ಮಳೆ ಬಿದ್ದ ಮೇಲೆ ಅದೇ ಹೊಲ ಚಕ್ಕಡಿಯ ಗಾಲಿ ಹಿಡಿದು ಬಿಡದಿರುವುದು ಇದರಿಂದಲೇ. ಅಂಥ ನೆಲದ ಮೇಲೆ ಕಟ್ಟುವವರು ಎರಿಯನ್ನು ಅಗೆದು ತೆಗೆದು ಗರಸು ತುಂಬಬೇಕು, ಇಲ್ಲವೆ ಪಾಯವನ್ನು ಎರಿಯ ಪದರ ದಾಟಿಸಿ ಗಟ್ಟಿನೆಲಕ್ಕೆ ಮುಟ್ಟಿಸಬೇಕು. ಬುಡದಲ್ಲಿ ಗಡಿಗೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ನೆಲದಾಳಕ್ಕೆ ಇಳಿಸುವ ಪದ್ಧತಿಯೊಂದನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕಾಗಿಯೇ ಬೆಳೆಸಿದ್ದಾರೆ. ಸಾಮಾನ್ಯ ಮನೆ ಕಟ್ಟುವವರು ಇದನ್ನೆಲ್ಲ ಕೇಳಿರುವುದೇ ಅಪರೂಪ. ಪಾಯ ಎಷ್ಟು ಆಳ, ಗರಸು ಹಾಕಿದ್ದಾರೆಯೇ ಎಂದು ಕಾಕಾ ಕೇಳಿದ್ದಕ್ಕೆ ಒಡೆಯರು, "ನಾ ಕಟ್ಟಿಸಿಲ್ರಿ, ನಾನೂ ಕಟ್ಟಿದ್ದನ್ನ ತಗೊಂಡಾಂವ" ಎಂದರು. ಆ ಮನೆಯ ಬುಡದಲ್ಲಿ ಏನಿದೆಯೆಂಬುದನ್ನು ತಿಳಿದವರು ಯಾರೂ ಉಳಿದಿರಲಿಲ್ಲ.

ತಗೋಬೇಡಿ ಎಂದು ಕಾಕಾ ಹೇಳಲಿಲ್ಲ. ಹಾಗೆ ಹೇಳುವುದು ಅವರ ಸ್ವಭಾವವೇ ಅಲ್ಲ. "ಬೀಳೂದಿಲ್ಲ ಬಿಡ್ರಿ. ಆದರ ಬ್ಯಾಸಗ್ಯಾಗ ಬಾಯಿ ತಗೀತೈತಿ, ಮಳಿಗಾಲದಾಗ ಮುಚ್ಚತೈತಿ. ವರ್ಷಾ ಇದ. ನಿಮಗ ಸೈರಣಿ ಐತಿ ಅಂದ್ರ ತಗೋರಿ." ನಮಗೆ ಇರಲಿಲ್ಲ.

ನಡುವೆ ಹಳೇ ಊರಿನ ಅಗಸಿಯೊಳಗೊಂದು ಮನೆ ನೋಡಿದೆವು. ಸಾಗವಾನಿ ಕಂಬ, ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಕಾಕಾ ಅಂಗಳದಲ್ಲಿ ಹಿಮ್ಮಡಿಯಿಂದ ದಪದಪ ಬಡಿಯುತ್ತ ತಿರುಗಾಡಿ, "ಹಗೇವು ಎಲ್ಲೈತ್ರಿ?" ಎಂದು ಕೇಳಿದರು. ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಹಗೇವು ನಮ್ಮ ಸೀಮೆಯ ಹಳೆಯ ಮನೆಗಳಿಗೆ ಹೊಸದಲ್ಲ. ಬಾಯಿ ಮುಚ್ಚಿ, ಮೇಲೆ ಫರ್ಸಿ ಹಾಸಿ, ಎರಡು ತಲೆಮಾರು ಕಳೆದ ಮೇಲೆ ಅದು ಅಲ್ಲಿದೆಯೆಂಬುದೇ ಮರೆತಿರುತ್ತದೆ. ಮೇಲೆ ಗೋಡೆ ಎಬ್ಬಿಸಲು ಹೋದವರಿಗೆ ನೆನಪಾಗುತ್ತದೆ. ಆ ಮನೆ ನಮಗೆ ಬೇರೆ ಕಾರಣಕ್ಕೆ ತಪ್ಪಿತು: ಉತಾರದಲ್ಲಿ ಅಣ್ಣತಮ್ಮಂದಿರ ಹೆಸರುಗಳೇ ಒಂದು ಪುಟ ಇದ್ದವು.

ನಾವು ಕೊಂಡದ್ದು ಊರಿನ ಪಡುವಣ ದಿಕ್ಕಿನ ಮನೆ. ಧಾರವಾಡ ಮಲೆನಾಡಿಗೂ ಬಯಲಿಗೂ ನಡುವಿನ ಹೊಸ್ತಿಲಲ್ಲಿರುವುದರಿಂದ ಅತ್ತ ಕೆಂಪು ನೆಲ, ಗಟ್ಟಿ ಗರಸು. ಮನೆ ಎಪ್ಪತ್ತರ ದಶಕದ್ದು. ಬಣ್ಣ ಕಂಡು ಹತ್ತು ವರ್ಷವಾದರೂ ಆಗಿತ್ತು. ನಮ್ಮವರು ಗೇಟಿನಲ್ಲೇ ಮುಖ ಕಿವುಚಿದರು. ಕಾಕಾನ ಮುಖ ಮಾತ್ರ ಅರಳಿತು. "ಇಲ್ಲಿ ಏನೂ ಮುಚ್ಚಿಟ್ಟಿಲ್ಲ ನೋಡ್ರಿ" ಎಂದು ಒಳಗೆ ಹೋದವರು ಮಧ್ಯಾಹ್ನದ ಊಟದ ಹೊತ್ತಿಗೇ ಹೊರಬಂದದ್ದು.

ದೋಷಗಳು ಬೇಕಾದಷ್ಟಿದ್ದವು. ಬಚ್ಚಲ ಗೋಡೆಗೆ ಮೊಳಕಾಲೆತ್ತರ ಸವಳು ಹತ್ತಿತ್ತು. ಹಿಂಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಟ್ಟಿನಲ್ಲಿ ಇಳಿದಂತೆ ಇಳಿಯಿತು. ಹೊರಗಿನ ಬಣ್ಣದ ಸಿಪ್ಪೆಯೊಂದೇ ಕಟ್ಟಿಗೆಯ ಆಕಾರ ಹಿಡಿದು ನಿಂತಿತ್ತು. ಕರೆಂಟಿನ ಅರ್ಥಿಂಗ್ ತಂತಿಯನ್ನು ಯಾವನೋ ಪುಣ್ಯಾತ್ಮ ನಳದ ಪೈಪಿಗೆ ಸುತ್ತಿಟ್ಟಿದ್ದ. ಎಲ್ಲಕ್ಕಿಂತ ದೊಡ್ಡದು ಕಿಟಕಿ ಮೇಲಿನ ಸಜ್ಜೆಗಳು ಮತ್ತು ಹಿಂದಿನ ಕೋಣೆಯ ಸ್ಲ್ಯಾಬು. ಕಾಕಾ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎಂದಿತು. ಇನ್ನೊಂದು ಪೆಟ್ಟಿಗೆ ಅಂಗೈಯಗಲ ಕಾಂಕ್ರೀಟ್ ಕಳಚಿ ಬಿದ್ದು ಕೆಂಪಗೆ ಜಂಗು ಹಿಡಿದ ಸಳಿ ಕಂಡಿತು. ಕಬ್ಬಿಣ ಜಂಗಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ, ಮೇಲಿನ ಕಾಂಕ್ರೀಟನ್ನು ಒಳಗಿನಿಂದ ನೂಕಿ ಒಡೆಯುತ್ತದೆ. ಸಳಿಗೂ ಗಾಳಿಗೂ ನಡುವೆ ಬೆರಳಗಲ ಕಾಂಕ್ರೀಟಾದರೂ ಇರಬೇಕು. ಆ ಕಾಲದ ಸಜ್ಜೆಗಳಲ್ಲಿ ಸಳಿ ಎಷ್ಟೋ ಸಲ ಸೆಂಟ್ರಿಂಗ್ ಹಲಗೆಗೆ ತಾಗಿಯೇ ಕೂತಿರುತ್ತಿತ್ತು.

ಕಾಕಾ ಒಳಗೆ ತಟ್ಟುತ್ತಿದ್ದಾಗ ನಾನು ಹಿತ್ತಲ ಗೋಡೆಯಾಚೆಗಿನ ಮನೆಯವರನ್ನು ಮಾತಾಡಿಸಿದೆ. ಬಟ್ಟೆ ಒಣಹಾಕುತ್ತಿದ್ದರು. ಯಾವ ಊರು, ಎಷ್ಟು ಮಕ್ಕಳು ಎಲ್ಲ ಆದ ಮೇಲೆ, "ಮಳಿಗಾಲದಾಗ ಇಲ್ಲಿ ನೀರು ಎಲ್ಲಿ ನಿಂದರತಾವ್ರಿ?" ಎಂದೆ. ಓಣಿಯ ಗಟಾರು ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾರ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಈ ಮನೆಯವರು ಯಾವ ವರ್ಷ ಯಾವ ಕೋಣೆಯಲ್ಲಿ ಬಕೀಟು ಇಟ್ಟಿದ್ದರು, ಎಲ್ಲವೂ ಹತ್ತು ನಿಮಿಷದಲ್ಲಿ ಬಂತು. ಯಾವ ಯಂತ್ರವೂ ಹೇಳಲಾರದ್ದನ್ನು ಪಕ್ಕದ ಮನೆಯವರು ಕೇಳಿದರೆ ಸಾಕು ಹೇಳುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಂಡಸರು ಯಾಕೋ ಅವರನ್ನು ಕೇಳುವುದಿಲ್ಲ.

ಕಾಕಾ ನನ್ನ ನೋಟ್‌ಬುಕ್ಕಿನಲ್ಲಿ ದುರಸ್ತಿಯ ಖರ್ಚು ಬರೆಸಿದರು. ಸಜ್ಜೆ, ಸ್ಲ್ಯಾಬು, ಚೌಕಟ್ಟು ಸೇರಿ ಮೂವತ್ತೈದು ಸಾವಿರದ ಆಸುಪಾಸು. ಅದನ್ನು ಹಿಡಿದುಕೊಂಡು ಒಡೆಯರ ಮುಂದೆ ಕೂತೆವು. ನಿವೃತ್ತ ಹಿರಿಯರು ಅವರು, ಚೀಟಿ ಓದಿ, "ಹಿಂದಿನ ಕೋಣಿದು ಖರೇ. ಅರ್ಧಾ ನಂದು, ಅರ್ಧಾ ನಿಮ್ಮದು" ಎಂದು ಬೆಲೆಯಲ್ಲಿ ಅಷ್ಟು ಇಳಿಸಿದರು. ವಕೀಲರಿಗೆ ಇದನ್ನು ಹೇಳಿದಾಗ ಅವರು ಬೋಜಾದ ಕೈಬರಹದ ನಕಲುಗಳಿಂದ ತಲೆಯೆತ್ತಿ ನಕ್ಕರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ತೆರೆದು ತೋರಿಸಿದರು: ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ಮಾರುವವನಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ತಾನಾಗಿ ಹೇಳಬೇಕು. "ಸಾಮಾನ್ಯ ಎಚ್ಚರ ಅಂದ್ರ ಎಷ್ಟು ಅನ್ನೂದು ಕಾಯ್ದೇದಾಗ ಬರದಿಲ್ಲ ಮೇಡಂ. ನಿಮ್ಮ ಕಾಕಾ ಬಂದ ಮ್ಯಾಲ ನಿಮ್ಮ ಎಚ್ಚರ ಸಾಮಾನ್ಯ ಉಳೀಲಿಲ್ಲ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕಾಕಾನ ಕೈಗೆ ದುಡ್ಡು ಕೊಡಲು ಹೋದೆ. ಕೈ ಹಿಂದೆಳೆದುಕೊಂಡರು. "ಮಾಡಿದ್ದು ಏನೈತಿ? ನೋಡೂದಕ್ಕ ಎಂಥಾ ರೊಕ್ಕ?" ಕೊನೆಗೆ ಬಸ್ ಚಾರ್ಜು, ಒಂದು ಕಿಲೊ ಪೇಡೆ, ಅಷ್ಟೇ. ಕಾಗದ ನೋಡಿದ್ದಕ್ಕೆ ನಾವು ವಕೀಲರಿಗೆ ಕೊಟ್ಟಿದ್ದೆವು, ಬೆಲೆ ಕಟ್ಟಿದ್ದಕ್ಕೆ ಬ್ಯಾಂಕಿನವರು ಹಿಡಿದುಕೊಂಡಿದ್ದರು. ಕರಣಿ ಹಿಡಿದವನು ಇಟ್ಟಿಗೆ ಇಟ್ಟರೆ ಮಾತ್ರ ಕೂಲಿ, ಅವನ ಕಣ್ಣಿಗೆ ಕೂಲಿಯಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ, ಅವರೂ ಒಪ್ಪಿಕೊಂಡಿದ್ದರು. ನನ್ನ ಮಟ್ಟಿಗೆ ಆ ವರ್ಷ ನಾವು ಕೊಡದೇ ಉಳಿಸಿಕೊಂಡ ಆ ದುಡ್ಡಿನಷ್ಟು ಮುಜುಗರದ ಉಳಿತಾಯ ಇನ್ನೊಂದಿಲ್ಲ.

ಕೆಲವು ವರ್ಷಗಳ ನಂತರ ನನ್ನ ತಂಗಿ ನ್ಯೂಜೆರ್ಸಿಯಲ್ಲಿ ಮನೆ ಕೊಂಡಳು. ಅಲ್ಲಿ ಕರಾರಿನಲ್ಲೇ ತಪಾಸಣೆಯ ಷರತ್ತು ಹಾಕಿಕೊಳ್ಳುವ ರೂಢಿಯಿದೆ. ಕೊಳ್ಳುವವರೇ ದುಡ್ಡು ಕೊಟ್ಟು ಇನ್‌ಸ್ಪೆಕ್ಟರನ್ನು ಗೊತ್ತುಮಾಡುತ್ತಾರೆ. ಅವನು ಸೂರಿನಿಂದ ನೆಲಮಾಳಿಗೆವರೆಗೆ ನೋಡಿ ವರದಿ ಕೊಡುತ್ತಾನೆ. ದೊಡ್ಡ ದೋಷ ಸಿಕ್ಕರೆ ದುರಸ್ತಿ ಕೇಳಬಹುದು, ಬೆಲೆ ಇಳಿಸೆನ್ನಬಹುದು, ಹಿಂದೆ ಸರಿಯಲೂಬಹುದು. ಅವಳ ನೆಲಮಾಳಿಗೆಯಲ್ಲಿ ಸಣ್ಣದೊಂದು ಡಬ್ಬಿಯನ್ನು ಎರಡು ದಿನ ಇಟ್ಟು ಗಾಳಿಯನ್ನೂ ಪರೀಕ್ಷಿಸಿದರಂತೆ. ನೆಲದೊಳಗಿನ ಯುರೇನಿಯಂ ಸವೆಯುತ್ತ ಹುಟ್ಟುವ, ಬಣ್ಣ ವಾಸನೆ ಇಲ್ಲದ ರೇಡಾನ್ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ ದಾಟಿದರೆ ಪೈಪು, ಫ್ಯಾನು ಹಾಕಿಸಿ ಅದನ್ನು ಹೊರದಬ್ಬಿ ಎನ್ನುತ್ತದೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ. ಊರಿಗೆ ಹೋದಾಗ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಗಾಳಿ ನೋಡುವುದು ಅವರಿಗೆ ಸೋಜಿಗವೆನಿಸಲಿಲ್ಲ. ಇನ್‌ಸ್ಪೆಕ್ಟರಿಗೆ ನೂರಾರು ಡಾಲರು ಎಂದಾಗ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. "ಬರೇ ನೋಡಿದ್ದಕ್ಕ?"

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆಮೇಲೆ ಕೆಲವು ವಾರ ಊರಿಗೆ ಊರೇ ತಲೆಯೆತ್ತಿ ಕಂಬ, ತೊಲೆ ನೋಡುತ್ತ ಓಡಾಡಿತು. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುವವನೂ ಸಳಿಯ ದಪ್ಪ ಮಾತಾಡುತ್ತಿದ್ದ. ನನಗೆ ಗೊತ್ತಿದ್ದ ಇಬ್ಬರು ಫ್ಲ್ಯಾಟಿನ ಇಸಾರ ಕೊಡುವ ಮುನ್ನ ಎಂಜಿನಿಯರನ್ನು ಕರೆದೊಯ್ದರು. ಆ ಎಚ್ಚರ ಮುಂದಿನ ಗಣಪತಿ ಹಬ್ಬದವರೆಗೂ ಉಳಿಯಲಿಲ್ಲ. 2016ರ ರೇರಾ ಕಾಯ್ದೆಯಂತೆ ಹೊಸ ಕಟ್ಟಡದಲ್ಲಿ, ಕಬಜಾ ಕೊಟ್ಟ 5 ವರ್ಷದೊಳಗೆ ಕಂಡುಬಂದ ಕಟ್ಟೋಣದ ದೋಷವನ್ನು ಬಿಲ್ಡರನೇ ಖರ್ಚು ಹಾಕಿ ಸರಿಪಡಿಸಬೇಕು ಎಂಬುದನ್ನು ಕೊಂಡವರಿಗೇ ನಾನು ಹೇಳಬೇಕಾಯಿತು.

ನಮ್ಮವರು ನಿವೃತ್ತರಾದ ಮೇಲೆ ಮಗನ ಹತ್ತಿರ ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಗಿ, ಮನೆ ಮಾರಲು ಇಟ್ಟೆವು. ಈಗ ನಾವು ಆಚೆ ಬದಿಯಲ್ಲಿದ್ದೆವು. ಬಣ್ಣ ಹೊಡೆಸೋಣ ಎಂದರು ನಮ್ಮವರು, ನಾನು ಬೇಡವೆಂದೆ. ನೋಡಲು ಬಂದವರು ಎಳೆಯ ದಂಪತಿ, ಇಬ್ಬರೂ ನೌಕರಿಯವರು. ಚಹಾ ಕೊಟ್ಟು ನಾನೇ ಹೇಳಿದೆ: ಹಿಂದಿನ ಕೋಣೆಯ ಸ್ಲ್ಯಾಬು ಒಮ್ಮೆ ದುರಸ್ತಿಯಾಗಿದೆ, ಜೋರು ಮಳೆಗೆ ಮೂಲೆಯಲ್ಲಿ ಇನ್ನೂ ಪಸೆ ಬರುತ್ತದೆ, ಬಚ್ಚಲ ಗೋಡೆಯ ಸವಳು ಪೂರ್ತಿ ಹೋಗಿಲ್ಲ, ಹಿಂಬಾಗಿಲು ಹೊಸದು, ಮಿಕ್ಕವು ಹಳೆಯವು. ನಮ್ಮವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಹುಡುಗಿ ಗಂಡನ ಮುಖ ನೋಡಿದಳು. ಇಬ್ಬರೂ ನಕ್ಕು, ಥ್ಯಾಂಕ್ಸ್ ಹೇಳಿ ಹೋದರು. ಸಂಜೆ ದಲಾಲ ಫೋನು ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡ. "ಏನ್ ಹೇಳೀರಿ ಮೇಡಂ ಅವರಿಗೆ? ಕೇಳಲಾರದ ಇಷ್ಟು ಹೇಳತಾರ ಅಂದ್ರ ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು ಅನ್ನಾಕತ್ತಾರ."

ಆ ಶನಿವಾರ ದಂಪತಿ ಎಂಜಿನಿಯರನ್ನು ಕರೆತಂದರು. ಚುರುಕು ಹುಡುಗ. ಗೋಡೆಗೆ ಒತ್ತಿದರೆ ತೇವದ ಅಂಕಿ ತೋರಿಸುವ ಸಾಧನ, ಬಿಸಿ-ತಂಪಿನ ವ್ಯತ್ಯಾಸವನ್ನು ಬಣ್ಣಗಳಲ್ಲಿ ತೋರಿಸುವ ಕ್ಯಾಮೆರಾ, ಎಲ್ಲ ಇತ್ತು. ಹಿಂದಿನ ಕೋಣೆ ಅವನಿಗೆ ಸಾಕಾಗಲಿಲ್ಲ. ಪಡಸಾಲೆಯ ನಡುಗೋಡೆಯಲ್ಲಿ ನಮಗೇ ಗೊತ್ತಿರದಿದ್ದ ಒಂದು ತೇವದ ಪಟ್ಟಿ ಹುಡುಕಿ ಕೊಟ್ಟ. ಒಳಗಿನ ಪೈಪು ಜಿನುಗುತ್ತಿತ್ತು. ನಮ್ಮವರು ಕ್ಯಾಮೆರಾದ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ತಮ್ಮದೇ ಮನೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಎಷ್ಟು ತಗೊಳ್ತೀಯಪ್ಪಾ ಎಂದು ನಾನು ಮೆಲ್ಲಗೆ ಕೇಳಿದೆ. ಅವನು ಒಂಚೂರೂ ಸಂಕೋಚಪಡದೆ ತನ್ನ ಫೀ ಹೇಳಿದ. ನನಗೆ ಬಹಳ ಸಂತೋಷವಾಯಿತು.

ಕೊನೆಗೆ ಮಾಳಿಗೆ ಹತ್ತಿ, "ಆಂಟಿ, ಇಲ್ಲೆ ಎರಡು ದಿನ ನೀರು ನಿಲ್ಲಿಸಿ ನೋಡಬೇಕಾಗತೈತಿ" ಎಂದ. ಅಷ್ಟೊತ್ತಿಗೆ ನಮ್ಮ ಓಣಿಗೆ ದಿನದ ಇಪ್ಪತ್ನಾಲ್ಕು ತಾಸೂ ನೀರು ಬರುತ್ತಿತ್ತು. ಇಲ್ಲವೆನ್ನಲು ನೆವವೇ ಇರಲಿಲ್ಲ. ನಮ್ಮವರು ಹಳೇ ಪಂಚೆ ಹರಿದು ಉಂಡೆ ಕಟ್ಟಿ ತೂತಿಗೆ ತುರುಕಿದರು, ನಾನು ಕೆಳಗಿಳಿದು ನಳ ಬಿಟ್ಟೆ.